ನೀರಿಲ್ಲದೆ ಕಲ್ಲು ಉಜ್ಜುವುದು: ಯಾವಾಗ, ಹೇಗೆ

ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ದಂಡೆಗುಂಟ ಒಂದು ತಾಸು ಅಡ್ಡಾಡಿ ನೋಡಿ. ಬಿಳಿ ಪಟ್ಟೆಯ ಅಗೇಟ್, ಇಟ್ಟಿಗೆ ಬಣ್ಣದ ಜಾಸ್ಪರ್, ಇಂಥ ಚಂದದ ಕಲ್ಲು ಕಿಸೆ ತುಂಬ ಸಿಗುತ್ತವೆ. ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್ ಬಂಡೆಯ ಪೊಳ್ಳಿನಲ್ಲಿ ಅಗೇಟ್ ಹುಟ್ಟುತ್ತದೆ, ಬಂಡೆ ಸವೆದ ಮೇಲೆ ಹೊಳೆಯಲ್ಲಿ ಉರುಳಿಕೊಂಡು ಬರುತ್ತದೆ. ನೀರಲ್ಲಿದ್ದಾಗ ಎಷ್ಟು ಚಂದ! ಮನೆಗೆ ತಂದು ಒಣಗಿದರೆ ಮಂಕು. ಆ ಒದ್ದೆ ಹೊಳಪನ್ನು ಕಲ್ಲಿನ ಮೇಲೆ ಶಾಶ್ವತವಾಗಿ ಕೂರಿಸುವುದೇ ನಮ್ಮ ಕೆಲಸ.

ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಬಹುಪಾಲು ನೀರಿನಲ್ಲೇ ಆಗಬೇಕು. ಒಣ ಉಜ್ಜುವುದು ಕೊನೆಯ ಕೆಲವೇ ನಿಮಿಷದ ಮಾತು, ಅದೂ ಹಟ ಮಾಡುವ ಕಲ್ಲಿಗೆ ಮಾತ್ರ.

ಧೂಳಿನ ಮಾತು ಬಿಟ್ಟು ಮುಂದೆ ಹೋಗಲಾರೆ. ನಮ್ಮ ಕಾಕಾ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದವರು. ನಾನು ಮೊದಲ ಸಲ ಒಣ ಕಲ್ಲು ಹಿಡಿದು ಕೂತಾಗ ಬಂದು ಅಂದರು: "ತಮ್ಮಾ, ಧೂಳ ಕಾಣವಲ್ದು ಅಂತ ಮಾಸ್ಕ್ ತಗೀಬ್ಯಾಡ." ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯೇ ಪುಪ್ಪುಸದ ಆಳಕ್ಕೆ ಇಳಿಯುವುದು. ಅಗೇಟ್, ಜಾಸ್ಪರ್ ಎರಡೂ ಸಿಲಿಕಾ. ಅದರ ಪುಡಿ ಪುಪ್ಪುಸಕ್ಕೆ ಹೋಗಿ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗ ಅಲ್ಲ. ಟವೆಲ್ ಕಟ್ಟಿಕೊಂಡರೆ ಸಾಲದು, ಆಸ್ಪತ್ರೆಯ ನೀಲಿ ಮಾಸ್ಕೂ ಸಾಲದು. ಕನಿಷ್ಠ ಎನ್-95 ಬೇಕು, ಅದು ಮುಖಕ್ಕೆ ಸರಿಯಾಗಿ ಅಂಟಿ ಕೂರಬೇಕು. ಗಡ್ಡ ಇದ್ದರೆ ಸಂದಿಯಿಂದ ಗಾಳಿ ನುಗ್ಗುತ್ತದೆ. ಅಂಗಳದಲ್ಲಿ ಕೂತು ಮಾಡಿ, ಧೂಳು ನಿಮ್ಮಿಂದ ದೂರ ಹೋಗುವ ಹಾಗೆ ಗಾಳಿ ನೋಡಿಕೊಂಡು ಕೂಡಿ, ಹತ್ತಿರ ಮಕ್ಕಳು ಆಡುತ್ತಿದ್ದರೆ ಆ ಹೊತ್ತು ಕೆಲಸವೇ ಬೇಡ. ಮುಗಿದ ಮೇಲೆ ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಂಗಿ ಬದಲಿಸಿಯೇ ಒಳಗೆ ಹೋಗಿ. ಅಂಗಡಿಯಿಂದ ತಂದ ಮ್ಯಾಲಕೈಟ್ ಆಗಲಿ ಟೈಗರ್ ಐ ಆಗಲಿ ಒಣದಾಗಿ ಮುಟ್ಟಲೇಬೇಡಿ. ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಟೈಗರ್ ಐನಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಉಳಿದಿರಬಹುದು.

ಈಗ ಕೆಲಸಕ್ಕೆ ಬರೋಣ. ಹನಿ ನೀರು ಬೀಳುವ ಸಾಣೆಯಲ್ಲಿ ಆಕಾರ ಕೊಡಿ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಕಪ್ಪು ವಾಟರ್ ಪೇಪರ್, ಅಂದರೆ ಸಿಲಿಕಾನ್ ಕಾರ್ಬೈಡ್ ಇರುವುದು. 220, 400, 600, ಇದೇ ಕ್ರಮ; ನಂಬರ್ ಏರಿದಷ್ಟೂ ಪೇಪರ್ ನಯ. ಒಂದು ನಂಬರ್ ಮುಗಿದಾಗಲೆಲ್ಲ ಕಲ್ಲನ್ನು ಪೂರ್ತಿ ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೀರು ಗೀರುಗಳನ್ನು ಮುಚ್ಚಿಡುತ್ತದೆ. 220ರ ಒಂದೇ ಒಂದು ಗೀರು ಉಳಿದರೂ ಕೊನೆಗೆ ಅದೇ ಎದ್ದು ಕಾಣುತ್ತದೆ, ಆಗ ಮತ್ತೆ ಹಿಂದಕ್ಕೆ ಹೋಗಬೇಕು. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ ಹಳೆಯ ಗೀರು ಬೇಗ ಗುರುತು ಸಿಗುತ್ತದೆ.

ಶುದ್ಧ ಅಗೇಟ್ ಆದರೆ 600 ಆದ ಮೇಲೆ 1200, ನಂತರ ನೇರ ಪಾಲಿಶ್. ಒಣ ಹಂತ ಬೇಕೇ ಇಲ್ಲ. ತೊಂದರೆ ಕೊಡುವುದು ಕೆಂಪು ಜಾಸ್ಪರ್. ಅದರೊಳಗೆ ಮೆತ್ತನೆಯ ಜಾಗಗಳು ಇರುತ್ತವೆ, ಅವು ಬೇಗ ಸವೆದು ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗುತ್ತದೆ. ಇಂಥದಕ್ಕೇ ಒಣ ಪೇಪರ್.

ಇಲ್ಲಿ ಹೊಸ ಪೇಪರ್ ಹಿಡಿದರೆ ಕೆಟ್ಟಿತು. ಬೇಕಾದದ್ದು ಸವೆದು ನುಣುಪಾದ 600. ಹೊಸ ಪೇಪರ್ ಕಲ್ಲನ್ನು ಕೆರೆಯುತ್ತದೆ, ಸವೆದದ್ದು ಬರೀ ತಿಕ್ಕುತ್ತದೆ, ಆ ತಿಕ್ಕಾಟದಲ್ಲಿ ಕಲ್ಲು ಬಿಸಿಯಾಗುತ್ತ ಮೇಲ್ಮೈಗೆ ಎಣ್ಣೆ ಸವರಿದಂಥ ಕಳೆ ಬರುತ್ತದೆ. ಹಳೆಯ ತುಂಡುಗಳನ್ನು ನಾನು ಒಣಗಿಸಿ ಒಂದು ಡಬ್ಬಿಯಲ್ಲಿ ಬೇರೆಯೇ ಇಟ್ಟಿರುತ್ತೇನೆ, ಒರಟು ಪೇಪರಿನ (220ರಂಥ) ಒಂದು ಕಣ ಸೇರಿದರೂ ಎಲ್ಲಾ ಹಾಳು. ಪೇಪರಿನ ಹಿಂದೆ ಹಳೆಯ ಚಪ್ಪಲಿಯ ತೊಗಲು ಇಡಿ. ಸ್ಪಂಜು ಬೇಡ, ಅದು ಗುಳಿಯೊಳಗೂ ಇಳಿದು ಗುಳಿಯನ್ನೇ ದೊಡ್ಡದು ಮಾಡುತ್ತದೆ.

ಈ ಪೇಪರನ್ನು ಡ್ರಿಲ್ ಮಷಿನ್ನಿಗೆ ಹಾಕಿದರೆ ವೇಗ ಕಮ್ಮಿ ಇರಲಿ. ಕಲ್ಲನ್ನು ಹಗುರವಾಗಿ ತಾಗಿಸಿ, ಒಂದೇ ಕಡೆ ನಿಲ್ಲಿಸದೆ ತಿರುಗಿಸುತ್ತಿರಿ. ಐದಾರು ಸೆಕೆಂಡಿಗೊಮ್ಮೆ ತೆಗೆದು ಮಣಿಕಟ್ಟಿನ ಒಳಗಡೆ ಮುಟ್ಟಿಸಿ ನೋಡಿ. ಚುರ್ ಅಂದರೆ ಸಾಕು, ಕೆಳಗಿಡಿ. ತಾನಾಗೇ ಆರಬೇಕು. ನಾನೊಮ್ಮೆ ಅವಸರಕ್ಕೆ ಬಿಸಿ ಅಗೇಟನ್ನು ತಂಬಿಗೆಯ ನೀರಿನಲ್ಲಿ ಅದ್ದಿದೆ. ಟಕ್ ಅಂತ ಸಣ್ಣ ಸಪ್ಪಳ, ತೆಗೆದು ನೋಡಿದರೆ ಪಟ್ಟೆಗಳ ನಡುವೆ ಕೂದಲೆಳೆಯಷ್ಟು ಬಿರುಕು. ಎರಡು ದಿನದ ಕೆಲಸ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಓಪಲ್ ಇದ್ದರಂತೂ ಬಿಸಿಯ ಹತ್ತಿರವೇ ಒಯ್ಯಬೇಡಿ.

ಹಿಡಿಯಲು ಅನುಕೂಲ ಅಂತ ಕಲ್ಲನ್ನು ಕಡ್ಡಿಗೆ ಅರಗಿನಿಂದ ಅಂಟಿಸಿದ್ದರೂ ಎಚ್ಚರ. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಅರಗು ಮೊದಲೇ ಮೆತ್ತಗಾಗಿರುತ್ತದೆ, ಮೇಲೆ ಈ ಬಿಸಿ ಸೇರಿದರೆ ಕಲ್ಲು ಜಾರಿ ಹಾರುತ್ತದೆ. ಎಪಾಕ್ಸಿ ಅಂಟು ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕಳೆ ಬಂದ ಮೇಲೆ ಕಲ್ಲು ಆರಲಿ. ಚೆನ್ನಾಗಿ ತೊಳೆಯಿರಿ, ಕೈಯನ್ನೂ ತೊಳೆಯಿರಿ. ಬೇರೆ ತೊಗಲಿನ ತುಂಡಿಗೆ ಪಾಲಿಶ್ ಪುಡಿಯಾದ ಸೀರಿಯಂ ಆಕ್ಸೈಡನ್ನು ನೀರಲ್ಲಿ ಕಲಸಿ ಹಚ್ಚಿ ಉಜ್ಜಿ. ತೊಗಲು ಇನ್ನೇನು ಒಣಗುತ್ತದೆ ಅನ್ನುವಾಗ ಕಲ್ಲನ್ನು ಹಿಡಿದು ಎಳೆದ ಹಾಗೆ ಕೈಗೆ ಗೊತ್ತಾಗುತ್ತದೆ. ಹೊಳಪು ಏರುವುದು ಆಗಲೇ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, ಕಲ್ಲಿನ ಮೇಲೆ ದೀಪದ ಗೆರೆಯ ಅಂಚು ಚೂಪಾಗಿ ಕಂಡರೆ ಆಯಿತು. ಮಸುಕಾಗಿದ್ದರೆ ಸವೆದ 600ಕ್ಕೆ ವಾಪಸ್ ಹೋಗಿ.