ರಾತ್ರಿ ಹತ್ತೂವರೆಗೆ ವೈಫೈ ಬಂದ್: ನನ್ನ ಅನುಭವ

ನನ್ನ ಮಗ ಪಿಯುಸಿ ಮೊದಲ ವರ್ಷ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಾನೆ. ಒಂದು ದಿನ ವಿದ್ಯಾಗಿರಿಯಲ್ಲಿ ಇಳಿಯಬೇಕಾದವನು ನಿದ್ದೆ ಹತ್ತಿ ಜುಬಿಲಿ ಸರ್ಕಲ್‌ವರೆಗೆ ಹೋಗಿದ್ದ. ಅವತ್ತೇ ರಾತ್ರಿ ನೀರು ಕುಡಿಯಲು ಎದ್ದೆ. ಅವನ ಚಾದರದೊಳಗೆ ನೀಲಿ ಬೆಳಕು. ಗಡಿಯಾರದಲ್ಲಿ ಎರಡೂಕಾಲು.

ನಾನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆಗೆ ವೈಫೈ ಕೊಡುವ ಪೆಟ್ಟಿಗೆ, ರೂಟರ್ ಅಂದರೆ ಹಸಿರು ಲೈಟು, ಕೆಂಪು ಲೈಟು, ಅಷ್ಟೇ ಗೊತ್ತಿತ್ತು. ಅದನ್ನು ತಿರುಗಿಸಿ ನೋಡಿದರೆ ಬೆನ್ನಿಗೆ ಚೀಟಿ ಅಂಟಿಸಿದ್ದರು: 192.168.1.1, ಯೂಸರ್‌ನೇಮ್, ಪಾಸ್‌ವರ್ಡ್. ಬ್ರೌಸರ್‌ನಲ್ಲಿ ಆ ನಂಬರ್ ಹೊಡೆದು ಒಳಗೆ ಹೋದೆ. ಮೊದಲು ಆ ಪಾಸ್‌ವರ್ಡ್ ಬದಲಿಸಿದೆ. ಚೀಟಿ ಓದಲು ಮಗನಿಗೂ ಬರುತ್ತದೆ, ಅಲ್ವಾ?

ಒಳಗೆ 'ಪೇರೆಂಟಲ್ ಕಂಟ್ರೋಲ್' ಅಂತ ಇತ್ತು. ಯಾವ ಫೋನು ಅನ್ನುವುದನ್ನು ಅದರ ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ವೈಫೈಗೆ ಫೋನು ಹೇಳುವ ಗುರುತಿನ ನಂಬರಿನಿಂದ, ಗುರುತಿಸಬೇಕು. ಹನ್ನೆರಡು ಅಕ್ಷರ-ಅಂಕಿ, ಆಧಾರ್ ನಂಬರಿನಷ್ಟೇ ಉದ್ದ. ಮಗನ ಫೋನಿನದನ್ನು ಹಾಕಿ, ರಾತ್ರಿ 10:30ರಿಂದ ಬೆಳಿಗ್ಗೆ 5:30ರವರೆಗೆ ಬಂದ್ ಮಾಡಿ ಮಲಗಿದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗ ಬಂದು ನಿಂತ. "ಪಪ್ಪಾ, ಮುಂಜಾನಿಂದ ನೆಟ್ ಬರವಲ್ದು ನೋಡ್ರಿ."

ಒಂಬತ್ತಕ್ಕೆ ಯಾಕೆ ಬರಲಿಲ್ಲ? ರೂಟರ್‌ನ ಗಡಿಯಾರ ಗ್ರೀನಿಚ್ ಸಮಯದಲ್ಲಿತ್ತು. ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಅಂದರೆ ನಾನು ಹಾಕಿದ ಬೀಗ ಬೀಳುತ್ತಿದ್ದದ್ದು ಬೆಳಗಿನ ನಾಲ್ಕಕ್ಕೆ, ತೆಗೆಯುತ್ತಿದ್ದದ್ದು ಹನ್ನೊಂದಕ್ಕೆ! ಉಳಿದ ದಿನ ಆ ಹೊತ್ತಿಗೆ ಅವನು ಕಾಲೇಜಿನಲ್ಲಿ. ರಾತ್ರಿಯಿಡೀ ನೆಟ್ ಬರುತ್ತಿದ್ದ ಬಗ್ಗೆ ಮಾತ್ರ ಪುಣ್ಯಾತ್ಮ ಚಕಾರ ಎತ್ತಿರಲಿಲ್ಲ.

ಟೈಮ್ ಝೋನ್ ಸರಿಮಾಡಿದೆ. ಅಲ್ಲೇ ಎನ್‌ಟಿಪಿ ಅಂತ ಇರುತ್ತದೆ, ಅದನ್ನೂ ಆನ್ ಮಾಡಿಕೊಳ್ಳಿ. ಕರೆಂಟ್ ಹೋಗಿ ಬಂದಾಗ ನಮ್ಮ ರೂಟರ್‌ಗೆ ಹೊತ್ತು ಗೊತ್ತಾಗದೆ 1970ರ ಜನವರಿ 1 ಅಂತ ತೋರಿಸಿತ್ತು. ಎನ್‌ಟಿಪಿ ಇದ್ದರೆ ಇಂಟರ್ನೆಟ್‌ನಿಂದ ತಾನೇ ಸಮಯ ತಗೊಳ್ಳುತ್ತದೆ.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮತ್ತೆ ಚಾದರದೊಳಗೆ ಬೆಳಕು. ಈ ಮ್ಯಾಕ್ ಅಡ್ರೆಸ್ ಆಧಾರ್‌ನಂತೆ ಕಾಯಂ ಅಲ್ಲ ಅನ್ನುವುದು ಆಗ ತಿಳಿಯಿತು. ಈಗಿನ ಆಂಡ್ರಾಯ್ಡ್ ಫೋನುಗಳು ವೈಫೈಗೆ ನಿಜವಾದ ನಂಬರ್ ಬದಲು ಸುಳ್ಳು ನಂಬರ್ ಕೊಡಬಲ್ಲವು. ಸೆಟ್ಟಿಂಗ್‌ನಲ್ಲಿ ಒಂದೇ ಒತ್ತು, ರೂಟರ್ ಕಣ್ಣಿಗೆ ಅದು ಹೊಸ ಫೋನು. ಐಫೋನಿನಲ್ಲೂ ಈ ಸೌಲಭ್ಯವಿದೆ. ಯಾರೋ ಜಾಡು ಹಿಡಿಯಬಾರದು ಅಂತ ಮಾಡಿದ್ದು, ನಮ್ಮ ಮನೆಯಲ್ಲಿ ಹೀಗೆ ಬಳಕೆಯಾಯಿತು.

ಹಾಗಾಗಿ ಫೋನಿನ ಬೆನ್ನು ಹತ್ತುವುದನ್ನು ಬಿಟ್ಟೆ. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಗೆ ಬಂದವರಿಗೆ ಅಂತ ಇರುವ ಬೇರೆ ವೈಫೈ, ಶುರು ಮಾಡಿ ಅದರ ಪಾಸ್‌ವರ್ಡ್ ಮಾತ್ರ ಮಗನಿಗೆ ಕೊಟ್ಟೆ. ಹತ್ತೂವರೆಗೆ ಆ ವೈಫೈಯೇ ಆಫ್. ನಂಬರ್ ಏನೇ ಬದಲಿಸಲಿ, ಸೇರಿಕೊಳ್ಳಲು ಜಾಗವೇ ಇಲ್ಲ. ಎಲ್ಲ ರೂಟರ್‌ನಲ್ಲೂ ಹೀಗೆ ಬರೀ ಗೆಸ್ಟ್‌ಗೆ ಟೈಮ್ ಹಾಕಲು ಬರುವುದಿಲ್ಲ. ನಮ್ಮದರಲ್ಲಿ ಬಂತು. ಮುಖ್ಯ ವೈಫೈಗೆ ಹೊಸ ಪಾಸ್‌ವರ್ಡ್ ಹಾಕಿ ನನ್ನ, ಹೆಂಡತಿಯ, ಅವ್ವನ ಫೋನಿಗೆ ಮಾತ್ರ ಜೋಡಿಸಿದೆ.

ಅವ್ವನ ಫೋನಿಗೆ ಜೋಡಿಸಿದ್ದೇ ತಪ್ಪಾಯಿತು. ಆಂಡ್ರಾಯ್ಡ್‌ನಲ್ಲಿ ವೈಫೈ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಕೂಡ. ಮೊಮ್ಮಗ "ಆಯಿ, ಒಂಚೂರು ಫೋನ್ ಕೊಡ ಇಲ್ಲೆ" ಅಂದಿದ್ದಾನೆ. ಅವ್ವ ಕೊಟ್ಟಿದ್ದಾಳೆ. ಕೇಳಿದರೆ, "ಹುಡುಗ ನನ್ನ ಫೋನಿನ ಫೋಟೋ ತಗೊಂಡ, ಅದಕ್ಯಾಕ ಬೈತಿ?" ಅಂದಳು. ಈಗ ಅವ್ವನ ಫೋನೂ ಗೆಸ್ಟ್‌ನಲ್ಲೇ ಇದೆ. ಒಂಬತ್ತಕ್ಕೇ ಮಲಗುವವಳಿಗೆ ಅದರಿಂದ ತೊಂದರೆಯೇನಿಲ್ಲ.

ಇನ್ನು ಮೊಬೈಲ್ ಡೇಟಾ. ಅದನ್ನು ರೂಟರ್ ತಡೆಯಲಾರದು. ದಿನದ ಡೇಟಾ ರಾತ್ರಿ ಹನ್ನೆರಡಕ್ಕೆ ಹೊಸದಾಗಿ ತುಂಬುತ್ತದೆ, ಅವನಿಗೆ ಅದು ಬಾಯಿಪಾಠ. ಇಲ್ಲಿ ಟೆಕ್ನಿಕ್ ಏನೂ ಇಲ್ಲ. ಹತ್ತೂವರೆಗೆ ಅವನ ಫೋನು ಅಡುಗೆಮನೆಯಲ್ಲಿ, ರೊಟ್ಟಿ ಬುಟ್ಟಿಯ ಪಕ್ಕ ಚಾರ್ಜಿಗೆ. ನನ್ನದೂ ಅಲ್ಲೇ. ಆ ಷರತ್ತು ಅವನು ಹಾಕಿದ್ದು. ಶನಿವಾರ ಹನ್ನೆರಡರವರೆಗೆ ವಿನಾಯಿತಿ ಅಂತಲೂ ಒಪ್ಪಿಸಿಕೊಂಡ.

ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಅವನ ಹತ್ತಿರ ಇದೆಯೋ ಇಲ್ಲವೋ, ಕೇಳಲು ಹೋಗಿಲ್ಲ.