ಕಾಡಿನ ಪಾಠಕ್ಕೆ ಕೇರಿಯ ಅಜ್ಜಿಯೇ ಮೇಷ್ಟ್ರು: ಮಲೆನಾಡಿನಲ್ಲಿ ಮಕ್ಕಳ ಶಿಬಿರ ಮಾಡುವುದು ಹೇಗೆ?

ಎರಡು ಬಸ್ಸು, ಒಂದು ಬ್ಯಾನರ್, ಒಂದು ಮೈಕ್. ಕೇರಿಯ ಹಿರಿಯರೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಾರೆ. ಆಮೇಲೆ ಗಿಡಗಳ ಬಗ್ಗೆ ಮಾತಾಡುವವರು ಶಾಲೆಯವರೇ, ಅದೂ ಫೋನ್ ನೋಡಿಕೊಂಡು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇಂಥ ಶಿಬಿರಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳು ಚಿಪ್ಸ್ ತಿಂದು ವಾಪಸ್ ಬರುತ್ತಾರೆ. ಕಲಿಸಬೇಕಾದವರು ಸುಮ್ನೆ ಕೂತಿರುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದ ಕಲಿಕೆ ಇರಲಿ ಎಂದಿದೆ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ 1993ರಲ್ಲೇ ಡೆನೆ ಎಂಬ ಮೂಲನಿವಾಸಿಗಳ ಹಿರಿಯರ ಜೊತೆ ಕೂತು 'ಡೆನೆ ಕೆದೆ' ಎಂಬ ಪಠ್ಯಕ್ರಮ ಮಾಡಿದರು. ಅಲ್ಲಿನ ಶಿಬಿರಗಳಲ್ಲಿ ಮಕ್ಕಳು ಹಿರಿಯರ ಪಕ್ಕದಲ್ಲಿದ್ದು ಮೀನಿನ ಬಲೆ ಹಾಕುತ್ತಾರೆ, ಚರ್ಮ ಹದ ಮಾಡುತ್ತಾರೆ. ನಮ್ಮಲ್ಲೂ ಹಸಲರು, ಮಲೆಕುಡಿಯರು, ದೀವರು ಎಂಬ ಮಲೆನಾಡಿನ ಸಮುದಾಯಗಳವರು ಇದ್ದಾರಲ್ಲ. ಅವರ ಕೈಗೆ ದಿನವನ್ನು ಪೂರ್ತಿ ಬಿಟ್ಟುಕೊಡುವ ಧೈರ್ಯ ಶಾಲೆಗೆ ಬೇಕು, ಅಷ್ಟೇ.

ಯಾವಾಗ, ಎಲ್ಲಿ

ನನ್ನ ಮಾತು ಕೇಳುವುದಾದರೆ ಅಕ್ಟೋಬರ್, ಅದರಲ್ಲೂ ಭೂಮಿ ಹುಣ್ಣಿಮೆಯ ಆಸುಪಾಸು. ಭತ್ತ ಹೊಡೆ ತುಂಬಿರುತ್ತದೆ. ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ, ಅಂದರೆ ಹಬ್ಬದ ಅಡುಗೆಯನ್ನು ಗದ್ದೆಗೆ ಒಯ್ಯುವ ಬುಟ್ಟಿಗೆ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿರುತ್ತಾರೆ. ಹಲವು ಬಗೆಯ ಸೊಪ್ಪು ಸೇರಿಸಿ ಬೇಯಿಸಿ ಗದ್ದೆಗೆ ಬೀರುವ ಹಬ್ಬ ಅದು. ಯಾವ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಮನೆಯ ಹೆಂಗಸರೆಲ್ಲ ಹುಡುಕುವ ಆ ಹೊತ್ತಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ನವೆಂಬರ್ ಕೊನೆಯಿಂದ ಮೇ ತನಕ ಮಾತ್ರ ಮಕ್ಕಳನ್ನು ಕಾಡಿಗೆ ಒಯ್ಯಬೇಡಿ. ಅದು ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಕ್ಟೋಬರ್‌ನಲ್ಲಿ ಹೋದರೂ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಯೇ ಹೋಗಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಶಿಬಿರ ರದ್ದು. ಇದರಲ್ಲಿ ಚೌಕಾಸಿ ಬೇಡ.

ಜಾಗಕ್ಕೆ ಅಭಯಾರಣ್ಯ ಬೇಕಿಲ್ಲ. ಕೇರಿಯ ಹತ್ತಿರದ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಹಳ್ಳದ ದಂಡೆ, ಗದ್ದೆಯ ಅಂಚು ಸಾಕು. ಬೆಟ್ಟ ಯಾರದ್ದೋ ಅವರನ್ನು ಕೇಳಿ. ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ.

ಹಿರಿಯರನ್ನು ಕೇಳುವುದು

ಎಲ್ಲರೂ ಎಡವುವುದು ಇಲ್ಲೇ. ಹಿಂದಿನ ದಿನ ಫೋನ್ ಮಾಡಿ "ನಾಳೆ ಮಕ್ಕಳನ್ನು ಕರ್ಕೊಂಡು ಬರ್ತೀವಿ, ನಾಲ್ಕು ಗಿಡ ತೋರಿಸಿ" ಅನ್ನುತ್ತಾರೆ. ಹಾಗೆ ಕೇಳಿದರೆ ನಾಲ್ಕು ಗಿಡವೇ ಸಿಗುವುದು.

ಶಿಬಿರಕ್ಕೆ ತಿಂಗಳು ಎರಡು ತಿಂಗಳು ಮೊದಲೇ ಕೇರಿಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಎಲೆ ಅಡಿಕೆ ಇರಲಿ. ಸಂಜೆ ಹೊತ್ತು ಹೋಗಿ, ಹಗಲಿನಲ್ಲಿ ಎಲ್ಲರೂ ತೋಟದ ಕೆಲಸಕ್ಕೆ ಹೋಗಿರುತ್ತಾರೆ. ಮೊದಲ ಸಲ ಶಿಬಿರದ ಮಾತೇ ಎತ್ತದಿದ್ದರೂ ನಡೆಯುತ್ತದೆ. ಎರಡನೇ ಸಲ ಕೇಳಿ: "ನಿಮ್ಮ ಮೊಮ್ಮಕ್ಕಳಿಗೆ ಏನು ಗೊತ್ತಿರಬೇಕು ಅನಿಸುತ್ತದೆ?" ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕಾಯಿರಿ. ಒಬ್ಬರು ಬುಟ್ಟಿ ಹೆಣೆಯುವುದು ಅನ್ನಬಹುದು, ಇನ್ನೊಬ್ಬರು ಕಳಲೆ (ಎಳೆ ಬಿದಿರು) ಕಡಿಯುವಾಗ ಯಾವುದನ್ನು ಬಿಡಬೇಕು ಅನ್ನುವುದು, ಮತ್ತೊಬ್ಬರು ಏಡಿ ಹಿಡಿಯುವುದು. ಅದೇ ನಿಮ್ಮ ಪಠ್ಯ. ಶಾಲೆಯಲ್ಲಿ ತಯಾರಿಸಿದ ವೇಳಾಪಟ್ಟಿಯನ್ನು ಅಲ್ಲಿಗೆ ಒಯ್ಯಲೇಬೇಡಿ.

ಎಲ್ಲರನ್ನೂ ನೀವು ಎಂದೇ ಕರೆಯಿರಿ. ನಮ್ಮ ಕಡೆ ತೋಟದ ಮನೆಯವರು ಎಪ್ಪತ್ತು ದಾಟಿದ ಹಸಲರ ಅಜ್ಜನನ್ನೂ ಏಕವಚನದಲ್ಲಿ ಕೂಗುವುದು ಈಗಲೂ ಇದೆ. ಮಕ್ಕಳು ಅದನ್ನು ನೋಡಿಯೇ ಬೆಳೆದಿರುತ್ತಾರೆ. ಶಿಬಿರದ ಹಿಂದಿನ ದಿನ ತರಗತಿಯಲ್ಲಿ ಇದನ್ನು ನೇರವಾಗಿ ಹೇಳಿ: ಅವರು ನಿಮ್ಮ ಮೇಷ್ಟ್ರು, ಅಜ್ಜ, ಅಜ್ಜಿ ಅನ್ನಬೇಕು, ನೀವು ಅನ್ನಬೇಕು. ಮೊದಲು ಶಿಕ್ಷಕರ ಬಾಯಲ್ಲಿ ಅದು ಬರಲಿ.

ದುಡ್ಡಿನ ಮಾತು ಮೊದಲೇ ಆಗಲಿ. ಶಾಲು, ಹಾರ, ಸ್ಮರಣಿಕೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಅವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ, ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲಂತೂ ಆ ಕೂಲಿಯ ಬೆಲೆ ದೊಡ್ಡದು. ದಿನದ ಕೂಲಿಗಿಂತ ಜಾಸ್ತಿ ಕೊಡಿ, ಅದೇ ಸಂಜೆ ಕೈಗೆ ಕೊಡಿ, ಅಜ್ಜಿಯ ಜೊತೆ ಬಂದ ಸೊಸೆಗೂ ಕೊಡಿ. ಬಜೆಟ್ ಸಾಲದಿದ್ದರೆ ಬಸ್ ಕಡಿಮೆ ಮಾಡಿ, ಬ್ಯಾನರ್ ಬಿಡಿ.

ಬೇಟೆಯ ಕಥೆ ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಮಕ್ಕಳ ಮುಂದೆ ಕೇಳಿದರೆ ಹಿರಿಯರಿಗೆ ಹೆದರಿಕೆ, ನಂತರ ಯಾವ ಮಾತೂ ಹೊರಬರುವುದಿಲ್ಲ.

ಇನ್ನೊಂದು. ನಿಮ್ಮ ತರಗತಿಯಲ್ಲೇ ಆ ಕೇರಿಯ ಮಗು ಇರಬಹುದು. ಅದನ್ನು ಎಬ್ಬಿಸಿ "ಇವರ ಮನೆಗೇ ಹೋಗೋದು" ಅಂತ ತೋರಿಸಬೇಡಿ. ಕಾಡಿಗೆ ಇಳಿದ ಮೇಲೆ ಆ ಮಗು ತಾನಾಗಿ ಮುಂದೆ ಬಂದರೆ ಬರಲಿ. ಬಹಳ ಸಲ ಬರುತ್ತದೆ, ಆಗ ಉಳಿದ ಮಕ್ಕಳು ಅದರ ಹಿಂದೆ ನಡೆಯುತ್ತಾರೆ.

ಕಾಡಿನಲ್ಲಿ

ಒಬ್ಬ ಹಿರಿಯರಿಗೆ ಎಂಟು ಹತ್ತು ಮಕ್ಕಳು, ಜಾಸ್ತಿ ಬೇಡ. ಮುಂದೆ ನಡೆಯುವುದು ಹಿರಿಯರು, ಕೊನೆಯಲ್ಲಿ ಶಿಕ್ಷಕರು. ನಡುವೆ ಬಾಯಿ ಹಾಕಿ ವೈಜ್ಞಾನಿಕ ಹೆಸರು ಹೇಳುವ ಚಟ ಬಿಡಿ, ಅದನ್ನು ಮರುದಿನ ತರಗತಿಯಲ್ಲಿ ಹೇಳಬಹುದು. ಗಿಡ ಗುರುತಿಸುವ ಆ್ಯಪ್ ಕೂಡ ಬೇಡ. ಫೋನ್ ತೆಗೆದ ಕೂಡಲೇ ಮಗುವಿನ ಕಣ್ಣು ಎಲೆಯಿಂದ ಸ್ಕ್ರೀನಿಗೆ ಹೋಗುತ್ತದೆ. ಅಜ್ಜಿ ಎಲೆಯನ್ನು ತಿಕ್ಕಿ ಮೂಸಿ ಹೇಳುತ್ತಾರೆ, ಮಗುವೂ ಮೂಸಲಿ.

ಮಕ್ಕಳು ಕೈಯಿಂದ ಕೆಲಸ ಮಾಡಬೇಕು. ಚಗಟೆ ಸೊಪ್ಪು ಕೊಯ್ಯುವುದು, ಕೆಸುವಿನ ಎಲೆಯ ದಂಟು ನಾರು ತೆಗೆಯುವುದು, ಬೆತ್ತ ಸೀಳುವುದನ್ನು ನೋಡುವುದು. ಹಸಿ ಎಲೆ, ಅಣಬೆ ಯಾವುದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಕೆಸುವಿಗೆ ಹುಳಿ ಯಾಕೆ ಹಾಕುತ್ತಾರೆ, ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತಾ ಯಾಕೆ ನೆನೆಸುತ್ತಾರೆ ಎಂದು ಅಡುಗೆ ಮಾಡುವಾಗಲೇ ಕೇಳಿಸಿ. ಒಂದು ಗಂಟಲು ಕೆರೆಯುತ್ತದೆ, ಇನ್ನೊಂದರಲ್ಲಿ ವಿಷವೇ ಇದೆ. ಅಜ್ಜಿಗೆ ಎರಡೂ ಗೊತ್ತು.

ದೇವರ ಕಾಡಿಗೆ ಹೋದರೆ ಅಲ್ಲಿಯವರು ಹೇಳಿದ್ದೇ ನಿಯಮ. ಚಪ್ಪಲಿ ಬಿಡಿ ಅಂದರೆ ಬಿಡಿ, ಏನೂ ಕೀಳಬಾರದು ಅಂದರೆ ಒಣ ಎಲೆಯನ್ನೂ ಜೇಬಿಗೆ ಹಾಕಬೇಡಿ.

ಉಂಬಳಕ್ಕೆ (ಜಿಗಣೆಗೆ) ಕೈಗೆ ಕಟ್ಟುವ ವಾಸನೆಯ ಬ್ಯಾಂಡ್ ಕೊಳ್ಳಬೇಡಿ, ಶುದ್ಧ ದಂಡ. ಒತ್ತಾಗಿ ನೇಯ್ದ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಳ್ಳಿ, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಳ್ಳಿ. ಜೀಪೊಂದು ರಸ್ತೆಯಲ್ಲಿ ನಿಂತಿರಲಿ. ಹಾವು ಕಚ್ಚಿದರೆ ನಾಟಿ ಔಷಧಿ ಹುಡುಕದೆ ನೇರ ಆಸ್ಪತ್ರೆಗೆ. ಔಷಧಿ ಕೊಡುವ ಹಿರಿಯರಿಗೂ ಇದನ್ನು ಮೊದಲೇ ಗೌರವದಿಂದ ಹೇಳಿಡಿ.

ಊಟ ಕೇರಿಯಲ್ಲೇ, ಅಲ್ಲಿಯ ಒಲೆಯಲ್ಲೇ. ಹೋಟೆಲ್ ಪೊಟ್ಟಣ ತರಿಸಬೇಡಿ. ಯಾವುದಾದರೂ ಪೋಷಕರು ತಕರಾರು ಮಾಡಿದರೆ ಮುಖ್ಯ ಶಿಕ್ಷಕರೇ ಎಲ್ಲರ ಮುಂದೆ ಮೊದಲ ಪಂಕ್ತಿಯಲ್ಲಿ ಕೂರಲಿ.

ಬರೆದುಕೊಂಡಿದ್ದು ಯಾರದ್ದು

ಮಕ್ಕಳು ಬರೆಯಲಿ, ಚಿತ್ರ ಬಿಡಿಸಲಿ. ಆದರೆ ಔಷಧಿಯ ವಿವರವನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದು ತಪ್ಪು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ತಮ್ಮ ಪಾರಂಪರಿಕ ಜ್ಞಾನದ ಮೇಲೂ ಹಕ್ಕು ಇದೆ ಎನ್ನುತ್ತದೆ. ಏನು ಹೊರಗೆ ಹೋಗಬಹುದು, ಏನು ಹೋಗಬಾರದು ಎಂದು ಅವರೇ ಹೇಳಲಿ. ಅವರು ಒಪ್ಪಿದ್ದನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೆ ಸೇರಿಸಬಹುದು.

ತಿಂಗಳೊಳಗೆ ಮಕ್ಕಳ ಪುಟಗಳನ್ನು ಹೊಲಿದು ಒಂದು ಪ್ರತಿಯನ್ನು ಕೇರಿಗೆ ಕೊಟ್ಟು ಬನ್ನಿ. ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳಲಿ. ತಪ್ಪು ಬರೆದಿದ್ದರೆ ಅಲ್ಲೇ ತಿದ್ದುತ್ತಾರೆ. ಮುಂದಿನ ಶಿಬಿರದ ದಿನವನ್ನೂ ಅವತ್ತೇ ಕೇಳಿ ಗೊತ್ತು ಮಾಡಿಕೊಂಡು ಬನ್ನಿ.