ಮಳೆ ಲೆಕ್ಕದ ಗ್ರಾಫ್ ಮಾಡೋ ಮುಂಚೆ ತಾರೀಖು ಸರಿ ಮಾಡ್ಕೊಳ್ಳಿ

ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಮನೆಗಳಲ್ಲಿ ಮಳೆ ಡೈರಿ ಇದ್ದೇ ಇರುತ್ತೆ. ಬೆಳಿಗ್ಗೆ ಎದ್ದು ರೈನ್‌ಗೇಜ್ ನೋಡಿ ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆದಿಟ್ಟಿರ್ತಾರೆ, ಈಗ ಮನೆ ಮಕ್ಕಳು ಅದನ್ನೆಲ್ಲ ಎಕ್ಸೆಲ್‌ಗೆ ಹಾಕ್ತಿದಾರೆ. ತುಂಬಾ ಒಳ್ಳೆ ಕೆಲಸ. ಆದ್ರೆ ಗ್ರಾಫ್ ಮಾಡಕ್ಕೆ ಹೋದಾಗ ಹೆಚ್ಚಿನವರು ಎಡವೋದು ಒಂದೇ ಕಡೆ, ತಾರೀಖಿನ ಕಾಲಮ್ಮಲ್ಲಿ.

ಮೊದಲು ಎರಡೇ ಕಾಲಮ್ ಮಾಡಿ, ತಾರೀಖು ಮತ್ತೆ ಮಳೆ. ಮಳೆ ಕಾಲಮ್ಮಲ್ಲಿ ಬರೀ ಅಂಕಿ ಇರ್ಲಿ. "1 ಇಂಚು 20 ಸೆಂಟ್" ಅಂತ ಟೈಪ್ ಮಾಡಿದ್ರೆ ಎಕ್ಸೆಲ್‌ಗೆ ಅದು ಅಕ್ಷರ, ಅದಕ್ಕೆ 1.20 ಅಂತಲೇ ಹಾಕಿ (ನೂರು ಸೆಂಟಿಗೆ ಒಂದಿಂಚು, ಮಿಲಿಮೀಟರ್ ಬೇಕಾದ್ರೆ 25.4ರಿಂದ ಗುಣಿಸಿ). ಮಳೆ ಬರದ ದಿನಕ್ಕೆ 0, ನೋಡಕ್ಕೆ ಮರೆತ ದಿನಕ್ಕೆ ಖಾಲಿ. ಇವೆರಡನ್ನ ಬೆರೆಸ್ಬೇಡಿ.

ಈಗ ತಾರೀಖಿಗೆ ಬರೋಣ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಅಮೆರಿಕ ಸೆಟ್ಟಿಂಗಲ್ಲೇ ಇರುತ್ತೆ, ಅಲ್ಲಿ ತಿಂಗಳು ಮೊದಲು ದಿನ ಆಮೇಲೆ. ನೀವು ಜೂನ್ 1 ಅಂತ 01/06/2024 ಹೊಡೆದ್ರೆ ಅದು ಜನವರಿ 6 ಅಂದ್ಕೊಳ್ಳುತ್ತೆ, 13/06/2024 ಹೊಡೆದ್ರೆ ಹದಿಮೂರನೇ ತಿಂಗಳು ಇಲ್ವಲ್ಲ, ಹಂಗಾಗಿ ಅದನ್ನ ಅಕ್ಷರ ಅಂತ ಬಿಟ್ಟುಬಿಡುತ್ತೆ. ಅಂದ್ರೆ ಜೂನ್ ಮೊದಲ ಹನ್ನೆರಡು ದಿನದ ಮಳೆ ಹನ್ನೆರಡು ತಿಂಗಳಿಗೆ ಚೆದುರಿಹೋಗುತ್ತೆ, ಉಳಿದಿದ್ದು ಲೆಕ್ಕಕ್ಕೇ ಬರಲ್ಲ. ಗ್ರಾಫಲ್ಲಿ ಜನವರೀಲಿ ಮುಂಗಾರು ಕಾಣಿಸ್ತಿದ್ರೆ ಕಾರಣ ಇದೇ. ಕಂಡುಹಿಡಿಯೋದು ಸುಲಭ: ಕಾಲಮ್ ಅಗಲ ಮಾಡಿ ನೋಡಿ, ನೀವು ಅಲೈನ್‌ಮೆಂಟ್ ಮುಟ್ಟಿಲ್ಲ ಅಂದ್ರೆ ನಿಜವಾದ ತಾರೀಖು ಬಲಕ್ಕೆ ಅಂಟಿರುತ್ತೆ, ಅಕ್ಷರ ಆಗಿರೋದು ಎಡಕ್ಕೆ.

ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ ಇಂಗ್ಲಿಷ್ ಇಂಡಿಯಾ ಮಾಡಿ, ಆಮೇಲೇ ಟೈಪ್ ಶುರು ಮಾಡಿ. ಗೂಗಲ್ ಶೀಟ್ಸ್ ಆದ್ರೆ ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಇಂಡಿಯಾ. ಎಕ್ಸೆಲಲ್ಲಿ ಈಗಾಗ್ಲೇ ಹಾಕಾಗಿದ್ರೆ, ಎಡಕ್ಕೆ ನಿಂತಿರೋ ತಾರೀಖುಗಳನ್ನ ಸೆಲೆಕ್ಟ್ ಮಾಡಿ ಡೇಟಾ ಮೆನುವಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ನೆಕ್ಸ್ಟ್, ನೆಕ್ಸ್ಟ್, ಮೂರನೇ ಪುಟದಲ್ಲಿ ಡೇಟ್ ಅಂತ ಆರಿಸಿ ಪಕ್ಕದಲ್ಲಿ ಡಿಎಮ್‌ವೈ (ಅಂದ್ರೆ ದಿನ, ತಿಂಗಳು, ವರ್ಷ), ಫಿನಿಶ್. ಆದ್ರೆ ದಿನ-ತಿಂಗಳು ಅದಲುಬದಲಾಗಿರೋ ಮೊದಲ ಹನ್ನೆರಡು ದಿನ ಇದ್ರಿಂದ ಸರಿ ಆಗಲ್ಲ, ಯಾಕಂದ್ರೆ ಅವು ಆಗಲೇ ಬೇರೆ ತಾರೀಖಾಗಿ ಕೂತಿವೆ. ಡೈರಿ ಎದುರಿಗಿಟ್ಕೊಂಡು ಕೈಯಲ್ಲೇ ಮತ್ತೆ ಹಾಕಿ, ಅಡ್ಡದಾರಿ ಬೇಡ.

ಮುಂದಿಂದು ಸಲೀಸು. ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ, ಇನ್ಸರ್ಟಲ್ಲಿ ಪಿವಟ್ ಚಾರ್ಟ್ (ದಿನದ ಲೆಕ್ಕನ ತಿಂಗಳು, ವರ್ಷಕ್ಕೆ ಒಟ್ಟು ಮಾಡಿ ತೋರಿಸೋ ಗ್ರಾಫ್), ತಾರೀಖು ಆಕ್ಸಿಸ್‌ಗೆ, ಮಳೆ ವ್ಯಾಲ್ಯೂಸ್‌ಗೆ. ತಿಂಗಳು, ವರ್ಷ ತಾನೇ ಗುಂಪಾಗಿಲ್ಲ ಅಂದ್ರೆ ಅದ್ರ ಜೊತೆಗೇ ಬರೋ ಪಿವಟ್ ಟೇಬಲ್ಲಿನ ಒಂದು ತಾರೀಖಿನ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರೂಪ್ ಕೊಡಿ. ಅದೂ ಆಗಲ್ಲ ಅಂತ ಹೇಳಿದ್ರೆ ಎಲ್ಲೋ ಒಂದು ತಾರೀಖು ಇನ್ನೂ ಅಕ್ಷರವಾಗೇ ಉಳಿದಿದೆ, ಹುಡುಕಿ. ವ್ಯಾಲ್ಯೂಸಲ್ಲಿ ಸಮ್ ಬದ್ಲು ಕೌಂಟ್ ಬಂದಿದ್ರೆ ಸಮ್ ಮಾಡಿ, ಇಲ್ಲಾಂದ್ರೆ ಮಳೆ ಬದ್ಲು ದಿನ ಎಣಿಸ್ತಾ ಇರುತ್ತೆ.

ಮಳೆಗೆ ಕಾಲಮ್ ಚಾರ್ಟೇ ಸರಿ. ಪೈ ಚಾರ್ಟ್ ಬೇಡ, ತ್ರೀಡಿ ಅಂತೂ ಬೇಡವೇ ಬೇಡ, ಹಿಂದಿನ ಕಂಬ ಮುಂದಿನದರ ಮರೆಗೆ ಹೋಗಿ ಮಾರ್ಚ್‌-ಏಪ್ರಿಲ್ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಕಾಣೋದೇ ಇಲ್ಲ, ಬೆಳೆಗಾರರಿಗೆ ಮೊದಲು ಬೇಕಾಗಿರೋದೇ ಅದು. ಕಾಲಮ್ ಹೆಸರುಗಳನ್ನ ಹಳೇ ನುಡಿ ಫಾಂಟಲ್ಲಿ ಹೊಡೆದಿದ್ರೆ ಚಾರ್ಟಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ, ಯೂನಿಕೋಡಲ್ಲೇ ಬರೀರಿ.

ಹೊಸ ಮಳೆ ಸೇರಿಸಿದಾಗೆಲ್ಲ ರಿಫ್ರೆಶ್ ಒತ್ತಬೇಕು. ವಾಟ್ಸಾಪಿಗೆ ಕಳಿಸೋಕೆ ಸ್ಕ್ರೀನ್ ಫೋಟೋ ತೆಗೀಬೇಡಿ, ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಆಸ್ ಪಿಕ್ಚರ್ ಕೊಡಿ. ಹಳೇ ಎಕ್ಸೆಲಲ್ಲಿ ಅದು ಇಲ್ದಿದ್ರೆ ಕಾಪಿ ಮಾಡಿ ಪೇಂಟಲ್ಲಿ ಪೇಸ್ಟ್ ಮಾಡಿ ಸೇವ್ ಮಾಡ್ಕೊಳ್ಳಿ.